ಮಲೆನಾಡಿನ ಹಸಿ ಗಾಳಿ, ಹೈಸ್ಪೀಡ್ ಬ್ಲೋವರ್ ಮತ್ತು ಓಪನ್‌ಫೋಮ್: ಬಳಸಿದ ಮೇಲೆ ಅನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಓಪನ್‌ಫೋಮ್ ಒಳ್ಳೆಯ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ. ವೇಗವಾಗಿ ತಿರುಗುವ ಕಂಪ್ರೆಸರ್ ಒಳಗೆ ಗಾಳಿ ಹೇಗೆ ಹರಿಯುತ್ತದೆ ಅಂತ ನೋಡೋಕೆ ಬೇಕಾದಷ್ಟು ಗಟ್ಟಿ ಇದೆ. ಆದರೆ ಇದರಲ್ಲಿ "ಹಸಿ ಗಾಳಿ" ಅಂತ ಒಂದು ಬಟನ್ ಇರುತ್ತೆ, ಒತ್ತಿದರೆ ಮಳೆಗಾಲದ ಲೆಕ್ಕ ತಾನೇ ಆಗುತ್ತೆ ಅಂದುಕೊಂಡು ಇಳಿಸಿಕೊಂಡರೆ ನಿರಾಸೆ ಗ್ಯಾರಂಟಿ. ಆ ಬಟನ್ ಇಲ್ಲ. ಅಸಲಿಗೆ ಯಾವ ಬಟನ್ನೂ ಇಲ್ಲ, ಎಲ್ಲ ಟೆಕ್ಸ್ಟ್ ಫೈಲ್.

ನಾನು ಶಿವಮೊಗ್ಗದ ಸಣ್ಣದೊಂದು ಡಿಸೈನ್ ಆಫೀಸಿನಲ್ಲಿದ್ದೇನೆ. ಮಾಚೇನಹಳ್ಳಿ ಕಡೆಯ ಫೌಂಡ್ರಿ, ಮಷೀನ್ ಶಾಪ್‌ಗಳ ಕೆಲಸವೇ ಜಾಸ್ತಿ. ಕ್ಯಾಸ್ಟಿಂಗ್ ಡ್ರಾಯಿಂಗು, ಫಿಕ್ಸ್ಚರು, ಇಂಥವು. ಒಬ್ಬ ಗಿರಾಕಿ ಟರ್ಬೊ ಬ್ಲೋವರ್‌ನ ಇಂಪೆಲ್ಲರ್ (ಗಾಳಿ ಎಳೆದು ಎಸೆಯುವ, ಬ್ಲೇಡ್ ಇರುವ ಚಕ್ರ) ಕೆಲಸ ಹಿಡಿದಿದ್ದರು. ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ತೊಟ್ಟಿಯೊಳಗೆ ಗಾಳಿ ಊದುತ್ತಾರಲ್ಲ, ಆ ಮಷೀನು. ಹಳೇ ಬ್ಲೋವರ್ ಥರ ದಡದಡ ಅನ್ನೋದಲ್ಲ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ, ಇಂಪೆಲ್ಲರ್ ಅಂಚಿನ ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು. ಅವರು ಕೇಳಿದ ಪ್ರಶ್ನೆ ಬಹಳ ಸರಳವಾಗಿತ್ತು. "ಅಲ್ಲಾ ಮಾರಾಯ್ರೆ, ಕ್ಯಾಟಲಾಗ್‌ನಲ್ಲಿ ಬರೆದಷ್ಟು ಗಾಳಿ ಆಷಾಢದಲ್ಲಿ ತೀರ್ಥಹಳ್ಳಿ ಕಡೆ ಬರುತ್ತೋ ಇಲ್ವೋ, ಅದೊಂದು ಹೇಳಿ ಸಾಕು."

ಇದಕ್ಕೆ ಉತ್ತರ ಕೊಡೋಕೆ ಸಾಫ್ಟ್‌ವೇರೇ ಬೇಡ ಅನ್ನೋದು ಈ ವಿಮರ್ಶೆಯ ಅರ್ಧ ಭಾಗ. ಹಾಗಾಗಿ ಅದನ್ನೇ ಮೊದಲು ಬರೆಯುತ್ತೇನೆ.

ನಾನು ನೋಡಿದ ಕ್ಯಾಟಲಾಗ್‌ನಲ್ಲಿ ಲೆಕ್ಕ ಇದ್ದದ್ದು 20 ಡಿಗ್ರಿ, 1 ಬಾರ್, ಪೂರ್ತಿ ಒಣ ಗಾಳಿಗೆ. ಕಂಪ್ರೆಸರ್ ಪರೀಕ್ಷೆಯ ಐಎಸ್‌ಒ 1217 ಇಟ್ಟುಕೊಂಡಿರುವ ಸ್ಥಿತಿಯೂ ಇದೇ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 94.7 ಕಿಲೋಪಾಸ್ಕಲ್ ಆಸುಪಾಸು. ಜುಲೈ ತಿಂಗಳ ಒಂದು ಜಡಿ ಮಳೆಯ ದಿನ 25 ಡಿಗ್ರಿ, ತೇವಾಂಶ ಶೇ. 100 ಅಂತ ಇಟ್ಟುಕೊಳ್ಳಿ. ಆಗ ಒಂದು ಕೆಜಿ ಒಣ ಗಾಳಿಯ ಜೊತೆ 21.5 ಗ್ರಾಂ ನೀರಾವಿ ಇರುತ್ತದೆ. ಮಂಗಳೂರಿನಲ್ಲಿ ಇದೇ ಉಷ್ಣಾಂಶಕ್ಕೆ 20 ಗ್ರಾಂ. ಘಟ್ಟದ ಮೇಲೆ ಆವಿ ಅಷ್ಟೇ ಇದ್ದು ಗಾಳಿ ತೆಳ್ಳಗಿರುವುದರಿಂದ ನಮ್ಮ ಪಾಲಿಗೆ ಸ್ವಲ್ಪ ಜಾಸ್ತಿ. ಈಗ ಒಂದು ಘನ ಮೀಟರ್ ಗಾಳಿ ತೆಗೆದುಕೊಂಡರೆ ಅದರಲ್ಲಿರುವ ಒಣ ಗಾಳಿ 1.07 ಕೆಜಿ. ಕ್ಯಾಟಲಾಗ್‌ನ ಘನ ಮೀಟರ್‌ನಲ್ಲಿ 1.19 ಕೆಜಿ. ಅಂದ್ರೆ ಶೇ. 10 ಕಡಿಮೆ. ಈ ಹತ್ತರಲ್ಲಿ ಐದಕ್ಕೂ ಸ್ವಲ್ಪ ಜಾಸ್ತಿ ಊರಿನ ಎತ್ತರದ್ದು, ಮೂರೂ ಚಿಲ್ಲರೆ ತೇವಾಂಶದ್ದು, ಉಳಿದದ್ದು ಬಿಸಿಯದ್ದು. ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಗೆ ಬೇಕಾದ್ದು ಆಮ್ಲಜನಕ, ನೀರಾವಿ ಕಟ್ಟಿಕೊಂಡು ಅದಕ್ಕೇನು ಆಗಬೇಕು? ಬ್ಲೋವರ್ ಸೈಜ್ ಮಾಡುವಾಗ ಈ ಶೇ. 10 ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಕಥೆ ಮುಗಿಯಿತು.

ಈ ಲೆಕ್ಕಕ್ಕೆ ಕೂಲ್‌ಪ್ರಾಪ್ ಅನ್ನುವ ಉಚಿತ ಲೈಬ್ರರಿ ಸಾಕು. ಹಸಿ ಗಾಳಿಗೆ ಅಂತಲೇ ಅದರಲ್ಲಿ ಬೇರೆ ಫಂಕ್ಷನ್ ಇದೆ. ಒತ್ತಡ, ಉಷ್ಣಾಂಶ, ತೇವಾಂಶ ಮೂರು ಕೊಟ್ಟರೆ ಉಳಿದದ್ದೆಲ್ಲ ಕೊಡುತ್ತೆ. ಎಕ್ಸೆಲ್‌ನಿಂದಲೂ ಕರೆಯಬಹುದು. ಅದಕ್ಕೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್.

ಹಾಗಾದರೆ ಓಪನ್‌ಫೋಮ್ ಯಾಕೆ ಬೇಕಾಯ್ತು? ಗಿರಾಕಿಯ ಎರಡನೇ ಪ್ರಶ್ನೆಯಿಂದ. ಇಂಪೆಲ್ಲರ್ ಬಾಯಿಯಲ್ಲಿ ಗಾಳಿ ಜೋರಾಗಿ ನುಗ್ಗುವಾಗ ತಣ್ಣಗಾಗುತ್ತೆ, ಅಲ್ಲಿ ನೀರು ಕಟ್ಟುತ್ತಾ, ಬ್ಲೇಡ್ ತಿಂದುಹಾಕುತ್ತಾ ಅಂತ. ಇದು ಕಾಗದದ ಮೇಲೆ ಬಗೆಹರಿಯುವುದಲ್ಲ, ಬ್ಲೇಡ್ ಸುತ್ತ ಎಲ್ಲಿ ಎಷ್ಟು ವೇಗ ಅಂತ ಗೊತ್ತಾಗಬೇಕು.

ಓಪನ್‌ಫೋಮ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿದ್ದು, 2004ರ ಡಿಸೆಂಬರ್‌ನಲ್ಲಿ ಸೋರ್ಸ್ ಕೋಡ್ ಸಮೇತ ಎಲ್ಲರಿಗೂ ಬಿಟ್ಟರು. ಈಗ ಅದು ಕವಲೊಡೆದಿದೆ. ಓಪನ್‌ಫೋಮ್ ಫೌಂಡೇಶನ್‌ನವರು 10, 11, 12 ಅಂತ ನಂಬರ್ ಹಾಕುತ್ತಾರೆ. ಓಪನ್‌ಸಿಎಫ್‌ಡಿ ಕಂಪನಿಯವರು ವಿ2312, ವಿ2406 ಅಂತ ವರ್ಷ, ತಿಂಗಳು ಸೇರಿಸಿ ಹೆಸರಿಡುತ್ತಾರೆ, ವರ್ಷಕ್ಕೆ ಎರಡು ಸಲ ಹೊಸದು. ಮೂರನೆಯದು ಫೋಮ್-ಎಕ್ಸ್‌ಟೆಂಡ್. ಒಂದರ ಫೈಲ್ ಇನ್ನೊಂದರಲ್ಲಿ ಹಾಗೇ ಓಡುವುದಿಲ್ಲ. ಫೌಂಡೇಶನ್‌ನ 11ನೇ ಆವೃತ್ತಿಯಿಂದ ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಂ) ಕರೆಯುವ ರೀತಿಯೇ ಬದಲಾಗಿದೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಉದಾಹರಣೆ ಯಾವ ಕವಲಿನದು ಅಂತ ನೋಡದೆ ಕಾಪಿ ಮಾಡಿದರೆ ಅರ್ಧ ದಿನ ಹಾಳು. ಇದು ಈ ಸಾಫ್ಟ್‌ವೇರ್‌ನ ದೊಡ್ಡ ತಲೆನೋವು. ಯಾರೂ ಸರಿಮಾಡುವ ಹಾಗೆ ಕಾಣುವುದಿಲ್ಲ.

ದಾಖಲೆಗಳ ಕಥೆ ಇನ್ನೊಂದು. ಮ್ಯಾನ್ಯುಯಲ್ ಇದೆ, ಟ್ಯುಟೋರಿಯಲ್ ಫೋಲ್ಡರ್ ಇದೆ, ಆದರೆ ಓದಿದರೆ ಅಜ್ಜಿ ಹೇಳಿಕೊಡುವ ಅಡುಗೆ ಥರ. "ಉಪ್ಪು ಬೇಕಾದಷ್ಟು ಹಾಕು." ಎಷ್ಟು ಬೇಕು ಅಂತ ಗೊತ್ತಿದ್ದವರಿಗೆ ಅದು ಸಾಕು. ಗೊತ್ತಿಲ್ಲದವರು ಸೋರ್ಸ್ ಕೋಡ್ ತೆಗೆದು ಓದಬೇಕು. ಸಿ++ ಬರದಿದ್ದರೆ ಕಷ್ಟ ಇದೆ.

ಸರಿ, ಹಸಿ ಗಾಳಿಗೆ ಬರೋಣ. ಇದರಲ್ಲಿ ಎರಡು ದಾರಿ ಇವೆ.

ಒಂದು, ಗಾಳಿ ಮತ್ತು ಆವಿಯನ್ನು ಬೇರೆ ಬೇರೆ ಅನಿಲ ಅಂತ ಕೊಟ್ಟು ಮಿಶ್ರಣವಾಗಿ ಓಡಿಸುವುದು. ಎರಡು ಕಡೆಯಿಂದ ಬೇರೆ ಬೇರೆ ತೇವಾಂಶದ ಗಾಳಿ ಬಂದು ಬೆರೆಯುತ್ತಿದ್ದರೆ ಇದು ಬೇಕು. ಬ್ಲೋವರ್‌ಗೆ ಒಂದೇ ಬಾಯಿ, ಒಳಗೆ ಬರುವುದು ಒಂದೇ ಗಾಳಿ. ನೀರು ಕಟ್ಟುವವರೆಗೆ ಆ ಪ್ರಮಾಣ ಎಲ್ಲೂ ಬದಲಾಗುವುದಿಲ್ಲ. ಹಾಗಾಗಿ ಎರಡನೇ ದಾರಿ ಸಾಕು. ಒಂದೇ ಅನಿಲ ಅಂತ ಇಟ್ಟುಕೊಂಡು ಅದರ ಅಣುತೂಕ, ಉಷ್ಣಧಾರಣೆ ಮಾತ್ರ ತಿದ್ದುವುದು. ಒಣ ಗಾಳಿಯ ಅಣುತೂಕ 28.97. ಮೇಲೆ ಹೇಳಿದ ಜುಲೈ ಗಾಳಿಗೆ 28.60. ಉಷ್ಣಧಾರಣೆ (ಒಂದು ಕೆಜಿಯನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಬೇಕಾದ ಜೂಲ್) 1005 ಇದ್ದದ್ದು 1023 ಆಗುತ್ತದೆ. ಫೈಲ್‌ನಲ್ಲಿ ಎರಡೇ ಸಾಲು ಬದಲಾವಣೆ. ಹಸಿ ಗಾಳಿ ಭಾರ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ನೀರಾವಿಯ ಅಣುತೂಕ 18, ಅದು ಸೇರಿದರೆ ಗಾಳಿ ಹಗುರವೇ ಆಗೋದು. ಆ ಫೈಲ್ ತಿದ್ದುವಾಗ ಪಕ್ಕದಲ್ಲಿ ಕೂತಿದ್ದ ನಮ್ಮ ಟ್ರೈನೀ ಹುಡುಗ "ಸಾರ್, ಇದು ಉಲ್ಟಾ ಆಯ್ತಲ್ವಾ" ಅಂದ. ಉಲ್ಟಾ ಆಗಿರಲಿಲ್ಲ.

ಇಷ್ಟು ತಿದ್ದಿ ಓಡಿಸಿದರೆ ಏನು ಬದಲಾಗುತ್ತದೆ? ಬಹಳ ಕಡಿಮೆ. ಶಬ್ದದ ವೇಗ ಸೆಕೆಂಡಿಗೆ 346 ಮೀಟರ್‌ನಿಂದ 348 ಆಗುತ್ತದೆ. ಇಂಪೆಲ್ಲರ್ ಅಷ್ಟೇ ವೇಗದಲ್ಲಿ ತಿರುಗಿದರೆ ಒಣ ಗಾಳಿಯನ್ನು 2 ಪಟ್ಟು ಒತ್ತುತ್ತಿದ್ದದ್ದು ಹಸಿ ಗಾಳಿಯನ್ನು 1.98 ಪಟ್ಟು ಒತ್ತುತ್ತದೆ. ಮೋಟರ್‌ಗಂತೂ ಗೊತ್ತೇ ಆಗುವುದಿಲ್ಲ. ಒಂದೊಂದು ಕೆಜಿಗೂ ಶೇ. 1.2ರಷ್ಟು ಜಾಸ್ತಿ ಶ್ರಮ ಬೇಕು, ಆದರೆ ಅದೇ ಘನ ಮೀಟರ್‌ನಲ್ಲಿ ತೂಕ ಶೇ. 1.3 ಕಡಿಮೆ ಇರುತ್ತೆ, ಅಲ್ಲಿಗಲ್ಲಿಗೆ ಸರಿ.

ಇಲ್ಲೇ ಎಡವೋದು. ಈ 0.02 ವ್ಯತ್ಯಾಸ ಹಿಡಿಯೋಕೆ ಹೊರಟರೆ ಅದಕ್ಕಿಂತ ದೊಡ್ಡ ತಪ್ಪು ಮೆಶ್‌ನಲ್ಲೇ, ಅಂದ್ರೆ ಗಾಳಿ ಹರಿಯುವ ಜಾಗವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಬಲೆಯಲ್ಲೇ, ಕೂತಿರುತ್ತದೆ. ನನ್ನ ಮೆಶ್ ಸ್ವಲ್ಪ ದಪ್ಪದ್ದರಿಂದ ಸಣ್ಣದಕ್ಕೆ ಬದಲಾಯಿಸಿದಾಗ ಒತ್ತಡದ ಅನುಪಾತ ಇದಕ್ಕಿಂತ ಜಾಸ್ತಿ ಅಲುಗಿತು. ಬ್ಲೇಡ್ ತುದಿಗೂ ಕವಚಕ್ಕೂ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಸೆಲ್ ಎಷ್ಟು ಪದರ ಇದೆ ಅನ್ನುವುದರ ಮೇಲೂ ಉತ್ತರ ಓಲಾಡುತ್ತದೆ. ಓಪನ್‌ಫೋಮ್ ಜೊತೆ ಬರುವ, ಮೆಶ್ ಕಟ್ಟುವ ಸ್ನ್ಯಾಪಿಹೆಕ್ಸ್‌ಮೆಶ್ ಪಂಪಿನ ಕವಚ, ಪೈಪು, ಡಕ್ಟ್‌ಗೆ ಚೆನ್ನಾಗಿದೆ. ತೆಳು ಬ್ಲೇಡ್‌ಗೆ, ಅದರ ಮೈಮೇಲೆ ಪದರ ಹಚ್ಚೋಕೆ ಹೋದರೆ ಮೂಲೆಯಲ್ಲಿ ಕಿತ್ತುಕೊಂಡು ಬರುತ್ತೆ. ಟರ್ಬೊ ಮಷೀನಿಗೆ ಅಂತಲೇ ಮಾಡಿದ ದುಡ್ಡಿನ ಮೆಶರ್‌ಗಳ ಮುಂದೆ ಇದು ನಿಲ್ಲುವುದಿಲ್ಲ, ಸುಮ್ನೆ ಹೊಗಳಿ ಪ್ರಯೋಜನ ಇಲ್ಲ. ಹಾಗಾಗಿ ನಾನು ಮಾಡಿದ್ದು ಇಷ್ಟೇ. ಅದೇ ಮೆಶ್, ಅದೇ ಸೆಟ್ಟಿಂಗ್ ಇಟ್ಟು ಒಣ ಗಾಳಿಗೊಮ್ಮೆ, ಹಸಿ ಗಾಳಿಗೊಮ್ಮೆ ಓಡಿಸಿ ವ್ಯತ್ಯಾಸ ಮಾತ್ರ ನಂಬಿದೆ. ಒಂಟಿ ಅಂಕಿ ಯಾವುದನ್ನೂ ಗಿರಾಕಿಗೆ ಕೊಡಲಿಲ್ಲ.

ಸೆಟ್ಟಿಂಗ್ ಸರಿ ಇದೆಯಾ ಅಂತ ನೋಡೋಕೆ ನಾಸಾದ ರೋಟರ್ 37 ಅನ್ನುವ ಹಳೇ ಪರೀಕ್ಷೆ ಇದೆ. 36 ಬ್ಲೇಡು, ನಿಮಿಷಕ್ಕೆ 17,188 ಸುತ್ತು, ಒತ್ತಡ 2.106 ಪಟ್ಟು, ಸೆಕೆಂಡಿಗೆ 20.19 ಕೆಜಿ ಗಾಳಿ. 1994ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರ್‌ಗಳ ಸಂಘ ಎಎಸ್‌ಎಂಇ ಇದರ ಅಳತೆಗಳನ್ನು ಮುಚ್ಚಿಟ್ಟು, ಎಲ್ಲರೂ ತಮ್ಮ ತಮ್ಮ ಪ್ರೋಗ್ರಾಂನಿಂದ ಲೆಕ್ಕ ಹಾಕಿ ಕಳಿಸಿ ಅಂತ ಕೇಳಿತ್ತು. ಬಂದ ಉತ್ತರಗಳು ಒಂದೊಂದು ಒಂದೊಂದು ದಿಕ್ಕಿಗೆ. ಘಟಾನುಘಟಿಗಳದ್ದೇ ಆ ಪಾಡು ಆದಾಗ ಶಿವಮೊಗ್ಗದ ಒಂದು ಡೆಸ್ಕ್‌ಟಾಪ್‌ನಿಂದ ಮೂರನೇ ದಶಾಂಶದವರೆಗೆ ನಂಬಿ ಅನ್ನೋಕೆ ನನಗೆ ಧೈರ್ಯ ಇಲ್ಲ. ನಮ್ಮದು ಗಾಳಿಯನ್ನು ಬದಿಗೆ ಎಸೆಯುವ ಇಂಪೆಲ್ಲರ್, ಅದು ನೇರಕ್ಕೆ ತಳ್ಳುವ ರೋಟರ್. ಆದರೂ ಮೊದಲು ಅದರ ಒಂದು ಬ್ಲೇಡಿನ 10 ಡಿಗ್ರಿ ತುಂಡು ಓಡಿಸಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಶುರುವಿನಲ್ಲಿ ಎಲ್ಲರಿಗೂ ಬರುವ ಕಾಟ ಒಂದಿದೆ. ಸಾಲ್ವರ್ ಓಡಿಸಿ ಚಹಾ ತರೋಕೆ ಹೋಗಿ ಬರುವಷ್ಟರಲ್ಲಿ ಟರ್ಮಿನಲ್ ನಿಂತಿರುತ್ತದೆ. ಕೊನೇ ಸಾಲಿನಲ್ಲಿ "ಮ್ಯಾಕ್ಸಿಮಮ್ ನಂಬರ್ ಆಫ್ ಇಟರೇಷನ್ಸ್ ಎಕ್ಸೀಡೆಡ್". ಏನು ತಪ್ಪು, ಎಲ್ಲಿ ತಪ್ಪು ಅಂತ ಒಂದಕ್ಷರ ಇಲ್ಲ. ಯಾವುದೋ ಒಂದು ಸೆಲ್‌ನಲ್ಲಿ ಉಷ್ಣಾಂಶ ಸೊನ್ನೆ ಕೆಲ್ವಿನ್‌ಗಿಂತ ಕೆಳಗೆ ಜಾರಿರುತ್ತದೆ, ಅದನ್ನು ಬಿಟ್ಟು ಬೇರೆಲ್ಲ ಹೇಳುತ್ತೆ. ಮದ್ದು ಇದೆ. ಮೊದಲು ಅರ್ಧ ವೇಗದಲ್ಲಿ ತಿರುಗಿಸಿ, ಮೊದಲ ದರ್ಜೆಯ ಸ್ಕೀಮ್ (ಒರಟು, ಆದರೆ ಬೇಗ ಕೈಕೊಡದ ಲೆಕ್ಕದ ವಿಧಾನ) ಹಾಕಿ, ಉಷ್ಣಾಂಶಕ್ಕೆ ಮೇಲೆ ಕೆಳಗೆ ಮಿತಿ ಕಟ್ಟಿ, ನಿಧಾನಕ್ಕೆ ಪೂರ್ತಿ ವೇಗಕ್ಕೆ ತನ್ನಿ. ಒಮ್ಮೆ ಹಿಡಿತ ಸಿಕ್ಕರೆ ಆಮೇಲೆ ಗಲಾಟೆ ಇಲ್ಲ.

ನನಗೆ ಬಹಳ ಹಿಡಿಸಿದ್ದು ಒಂದಿದೆ, ಅದು ಮಲೆನಾಡಿನವರಿಗೇ ಅರ್ಥ ಆಗುವಂಥದ್ದು. ಮಳೆಗಾಲದಲ್ಲಿ ಎಲ್ಲೋ ಒಂದು ಅಕೇಶಿಯಾ ಕೊಂಬೆ ಲೈನ್ ಮೇಲೆ ಬಿತ್ತು ಅಂದ್ರೆ ಕರೆಂಟ್ ಹೋಯ್ತು, ಯುಪಿಎಸ್ ಎಷ್ಟು ಹೊತ್ತು ತಾಳೀತು? ಓಪನ್‌ಫೋಮ್ ಇಷ್ಟಿಷ್ಟು ಸುತ್ತಿಗೊಮ್ಮೆ ಫಲಿತಾಂಶ ಡಿಸ್ಕ್‌ಗೆ ಬರೆಯುತ್ತಿರುತ್ತದೆ. ಎಷ್ಟಕ್ಕೊಮ್ಮೆ ಅಂತ ನಾವೇ ಹೇಳಬಹುದು, ಹಳೆಯದನ್ನು ಅಳಿಸುತ್ತಾ ಹೋಗು ಅಂತಲೂ ಹೇಳಬಹುದು. ಕರೆಂಟ್ ಬಂದ ಮೇಲೆ "ಲೇಟೆಸ್ಟ್‌ಟೈಮ್" ಅಂತ ಒಂದು ಪದ ಇದ್ದರೆ ಬಿಟ್ಟಲ್ಲಿಂದ ಶುರು. ಓಡುತ್ತಿರುವಾಗಲೇ ಫೈಲ್ ತಿದ್ದಿದರೆ ಅದನ್ನೂ ನಡುವೆಯೇ ಓದಿಕೊಳ್ಳುತ್ತದೆ. ಲೈಸೆನ್ಸ್ ಸರ್ವರ್ ಅಂತ ಏನೂ ಇಲ್ಲದ್ದರಿಂದ ನೆಟ್ ಸತ್ತರೂ ಕೆಲಸ ನಿಲ್ಲುವುದಿಲ್ಲ. ಹಿಂದೆ ಒಂದು ಕಡೆ ದುಬಾರಿ ಸಾಫ್ಟ್‌ವೇರ್ ಬಳಸುವಾಗ ಮಳೆಗೆ ನೆಟ್ ಹೋಗಿ, ಲೈಸೆನ್ಸ್ ಸಿಗದೆ, ನಾವೆಲ್ಲ ಕಿಟಕಿ ಆಚೆ ಮಳೆ ನೋಡಿಕೊಂಡು ಕೂತದ್ದಿದೆ.

ಈಗ ಎರಡನೇ ಪ್ರಶ್ನೆ, ನೀರು ಕಟ್ಟುತ್ತಾ?

ಇಂಪೆಲ್ಲರ್ ಬಾಯಿಯಲ್ಲಿ ಗಾಳಿಯ ವೇಗ ಶಬ್ದದ ಅರ್ಧದಷ್ಟು ಇದ್ದರೆ ಅದರ ಉಷ್ಣಾಂಶ 14 ಡಿಗ್ರಿ ಇಳಿಯುತ್ತದೆ. 25 ಇದ್ದದ್ದು 11. ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಒಂದು ಕ್ಯಾಲ್ಕುಲೇಟರ್ ಇದೆ, ಅದರಲ್ಲಿ ಆವಿಯ ಒತ್ತಡದ ಸೂತ್ರ ಹಾಕಿ ಪ್ರತಿ ಸೆಲ್‌ನ ತೇವಾಂಶ ಬಣ್ಣದಲ್ಲಿ ನೋಡಬಹುದು. ಬಾಯಿಯ ಉದ್ದಕ್ಕೂ ಶೇ. 200 ದಾಟಿದ ಬಣ್ಣ, ಅಂದ್ರೆ ಆ ಉಷ್ಣಾಂಶದಲ್ಲಿ ಗಾಳಿ ಹಿಡಿದಿಡಬಹುದಾದ ಆವಿಯ ಎರಡು ಪಟ್ಟು. ಬ್ಲೇಡಿನ ಮುಂಚೂಣಿ ಅಂಚು ದಾಟಿ ಹೀರುವ ಬದಿಗೆ ಹೊರಳಿದ ಕೂಡಲೇ ಇನ್ನೂ ಗಾಢ. ಆಮೇಲೆ ಒತ್ತಡ ಏರುತ್ತಿದ್ದಂತೆ ಬಣ್ಣ ತೆಳುವಾಗಿ, ಇಂಪೆಲ್ಲರ್‌ನ ಆಚೆ ತುದಿಗೆ ಬರುವಷ್ಟರಲ್ಲಿ ಮಾಯ, ಯಾಕಂದ್ರೆ ಹೊರಗೆ ಬರುವ ಗಾಳಿ 100 ಡಿಗ್ರಿ ದಾಟಿರುತ್ತದೆ. ಗಿರಾಕಿಗೆ ಈ ಚಿತ್ರ ತೋರಿಸಿದರೆ ನೂರಕ್ಕೆ ನೂರು ಹೆದರುತ್ತಾರೆ. "ನೋಡಿ, ನೀರೇ ನೀರು!" ಅಂತ.

ಹೆದರಬೇಕಿಲ್ಲ. ಆ ಜಾಗ ದಾಟೋಕೆ ಗಾಳಿಗೆ ಬೇಕಾದ್ದು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲೂ ಮೂರನೇ ಒಂದು ಭಾಗ. ಆವಿ ತಾನಾಗಿಯೇ ಹನಿ ಕಟ್ಟಬೇಕಾದರೆ ಶೇ. 200 ಸಾಲದು, ಅದಕ್ಕಿಂತ ಬಹಳ ಜಾಸ್ತಿ ಬೇಕು. ಧೂಳಿನ ಕಣದ ಮೇಲೆ ಕಟ್ಟಬಹುದು, ಆದರೆ ಬೆಳೆಯೋಕೆ ಪುರುಸೊತ್ತು ಇಲ್ಲ. ನಮ್ಮ ಬ್ಲೋವರ್ ಮಟ್ಟಿಗೆ ಇದು ತೊಂದರೆ ಅಲ್ಲ. ಬಾಯಿಯಲ್ಲೇ ಶಬ್ದದ ವೇಗ ಮುಟ್ಟುವ ಕಂಪ್ರೆಸರ್ ಆದರೆ ಮಾತು ಬೇರೆ. ಅಲ್ಲಿ ಗಾಳಿ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಹೋಗುತ್ತದೆ, ಹನಿ ನಿಜಕ್ಕೂ ಕಟ್ಟುತ್ತದೆ. ಪ್ರತಿ ಕೆಜಿಗೆ ಒಂದು ಗ್ರಾಂ ನೀರು ಕಟ್ಟಿದರೂ ಬಿಡುಗಡೆ ಆಗುವ ಬಿಸಿಗೆ ಗಾಳಿ 2.4 ಡಿಗ್ರಿ ಏರುತ್ತದೆ. ಆ ವೇಗದಲ್ಲಿ ಅಷ್ಟು ಬಿಸಿ ಬಿದ್ದರೆ ಶಾಕ್ (ಶಬ್ದವೇಗ ಮೀರಿದ ಗಾಳಿಯ ಒತ್ತಡ ಒಮ್ಮೆಗೇ ಜಿಗಿಯುವ ಗೆರೆ) ಕೂರುವ ಜಾಗವೇ ಬದಲಾಗಬಹುದು.

ಓಪನ್‌ಫೋಮ್ ಕೈ ಎತ್ತುವುದೇ ಇಲ್ಲಿ. ನಾನು ಬಳಸಿದ ರೋಸಿಂಪಲ್‌ಫೋಮ್ ಆಗಲಿ, ರೋಪಿಂಪಲ್‌ಫೋಮ್ ಆಗಲಿ, ಹನಿ ಹುಟ್ಟುವ, ಬೆಳೆಯುವ ಲೆಕ್ಕ ಮಾಡುವುದಿಲ್ಲ. ಶೇ. 200 ಅಂತ ಬಣ್ಣ ತೋರಿಸುತ್ತೆ, ಅಷ್ಟೇ. ಬೇಕಾದರೆ ಕೋಡ್ ನಾವೇ ಬರೆಯಬೇಕು, ಇಲ್ಲವೇ ದ್ರವ, ಅನಿಲ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಸಾಲ್ವರ್ ಕಡೆ ಹೋಗಬೇಕು. ಅದನ್ನು ಇಷ್ಟು ವೇಗದ ರೋಟರ್ ಮೇಲೆ ಒಗ್ಗಿಸುವುದು ಪಿಎಚ್‌ಡಿ ಹುಡುಗರಿಗೆ ಬಿಟ್ಟ ಕೆಲಸ. ದುಡ್ಡಿನ ಸಾಫ್ಟ್‌ವೇರ್‌ಗಳಲ್ಲಿ ಸ್ಟೀಮ್ ಟರ್ಬೈನ್‌ಗೆ ಅಂತ ಮಾಡಿದ ಮಾದರಿಗಳಿವೆ. ಅವನ್ನು ಕೊಳ್ಳುವ ಮೊದಲೂ ಒಂದು ಮಾತು ಕೇಳಿ, ಬರೀ ಹಬೆಗೋ, ಗಾಳಿ ಬೆರೆತ ಹಬೆಗೋ ಅಂತ. ಎರಡೂ ಒಂದೇ ಅಲ್ಲ.

ಇನ್ನು ಆಗುಂಬೆ ಮಂಜಿನ ಪ್ರಶ್ನೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಊರಿನಲ್ಲಿ ಆವಿ ಮಾತ್ರ ಅಲ್ಲ, ಹನಿಯೇ ಫಿಲ್ಟರ್‌ಗೆ ಬರುತ್ತದೆ. ಗ್ಯಾಸ್ ಟರ್ಬೈನ್‌ಗೆ ಬೇಕಂತಲೇ ನೀರಿನ ಮಂಜು ಊದುತ್ತಾರೆ, ಅದು ಆವಿಯಾಗುವಾಗ ಗಾಳಿ ತಣ್ಣಗಾಗಿ ಶಕ್ತಿ ಜಾಸ್ತಿ ಸಿಗುತ್ತೆ ಅಂತ. ಬಳ್ಳಾರಿಯ ಏಪ್ರಿಲ್‌ಗೆ ಅದು ಸರಿ. ಮೊದಲೇ ನೆನೆದ ಗಾಳಿಯಲ್ಲಿ ಏನು ಆವಿಯಾದೀತು? ನಮ್ಮಲ್ಲಿ ಮಾಡಬೇಕಾದ್ದು ಹನಿಯನ್ನು ಬಾಯಿಗೆ ಬಿಡದ ಹಾಗೆ ಫಿಲ್ಟರ್ ಮನೆಗೆ ಒಳ್ಳೆಯ ಮಾಡು ಹಾಕಿ, ಗಾಳಿಯನ್ನು ಮಳೆ ಹೊಡೆಯದ ಕಡೆಯಿಂದ ಎಳೆಯುವುದು. ಇದಕ್ಕೂ ಸಿಮ್ಯುಲೇಶನ್ ಬೇಡ, ಮನೆ ಕಟ್ಟಿದ ಮೇಸ್ತ್ರಿಗೆ ಗೊತ್ತಿರುತ್ತೆ.

ವರ್ಕ್‌ಶಾಪ್‌ನವರಿಗೆ ಒಂದು ಉಪಯೋಗದ ಅಂಕಿ. ಮಾಮೂಲಿ 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ) ಸ್ಕ್ರೂ ಕಂಪ್ರೆಸರ್ ಇದೇ ಜುಲೈ ಗಾಳಿಯನ್ನು 7 ಬಾರ್‌ಗೆ ಒತ್ತಿ 35 ಡಿಗ್ರಿಗೆ ತಣ್ಣಗೆ ಮಾಡಿದರೆ ಗಂಟೆಗೆ ಸುಮಾರು 3 ಲೀಟರ್ ನೀರು ಬೀಳುತ್ತದೆ. ಪೂರ್ತಿ ಲೋಡ್‌ನಲ್ಲಿ ಓಡಿದರೆ. ಪೇಂಟ್ ಬೂತ್‌ನಲ್ಲಿ ಗುಳ್ಳೆ ಬರುತ್ತೆ ಅಂತ ಪೇಂಟ್ ಬೈಯುವ ಮೊದಲು ಡ್ರೈನ್ ತೆಗೆದು ನೋಡಿ.

ಯಾರಿಗೆ ಇದು ಬೇಕು, ಯಾರಿಗೆ ಬೇಡ? ಬ್ಲೋವರ್ ಕೊಳ್ಳುವವರಿಗೆ ಬೇಡ, ಕೂಲ್‌ಪ್ರಾಪ್ ಸಾಕು. ಇಂಪೆಲ್ಲರ್ ಡಿಸೈನ್ ಮಾಡುವವರಿಗೆ, ಲಿನಕ್ಸ್ ಬರುವವರಿಗೆ, ಒಂದೆರಡು ತಿಂಗಳು ಮೈ ಬಗ್ಗಿಸಿ ಕಲಿಯುವವರಿಗೆ ಖಂಡಿತ ಬೇಕು. ಊರಿನ ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಹುಡುಗರು ಕೊನೇ ವರ್ಷದ ಪ್ರಾಜೆಕ್ಟ್‌ಗೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹುಡುಕುವ ಬದಲು ಇದನ್ನು ಹಿಡಿದರೆ ಕೆಲಸ ಸಿಗೋಕೂ ಅನುಕೂಲ. 16 ಜಿಬಿ ಮೆಮೊರಿ ಇದ್ದರೆ ಒಂದು ಬ್ಲೇಡಿನ ತುಂಡನ್ನು 20 ಲಕ್ಷ ಸೆಲ್‌ವರೆಗೆ ಆರಾಮಾಗಿ ಓಡಿಸಬಹುದು. ವಿಂಡೋಸ್ ಬಿಡೋಕೆ ಮನಸ್ಸಿಲ್ಲದವರು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಹಾಕಿಕೊಳ್ಳಿ, ನಡೆಯುತ್ತೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಮಾರ್ಕ್ ಮೆಶ್‌ಗೆ ಹೋಯ್ತು, ಅರ್ಧ ಆ ಮೂರು ಕವಲಿನ ಗೊಂದಲಕ್ಕೆ. ಹನಿ ಕಟ್ಟುವ ಲೆಕ್ಕ ಇಲ್ಲದ್ದಕ್ಕೆ ಮಾರ್ಕ್ ಕಳೆದಿಲ್ಲ, ನಮ್ಮ ಕೆಲಸಕ್ಕೆ ಅದು ಬೇಕಾಗಲಿಲ್ಲ. ನಿಮ್ಮಲ್ಲಿ ಯಾರಾದರೂ ವಿ2406ರಲ್ಲಿ ಗಾಳಿ ಬೆರೆತ ಆವಿಗೆ ಹನಿಯ ಮಾದರಿ ಬರೆದು, ತಿರುಗುವ ರೋಟರ್ ಮೇಲೆ ಓಡಿಸಿದ್ದರೆ ಕೆಳಗೆ ಹೇಳಿ. ಗಿರಾಕಿ ಈಗ ಇನ್ನೂ ವೇಗದ ಇಂಪೆಲ್ಲರ್ ಬಗ್ಗೆ ಮಾತಾಡುತ್ತಿದ್ದಾರೆ.